ಕರಡಿಗೆಯ ಭಾರ

ಸಾಧಾರಣ ಸಂವತ್ಸರ, ಮಾಘ ಶುದ್ಧ ದಶಮಿ

ಇವತ್ತು ಊರ ಗರಡಿಮನೆಗೆ ತಾಲೀಮಿಗೆ ಹೋಗಿದ್ದೆ. ಒಳಗೆ ಬಿಡಲಿಲ್ಲ.

ಜಾಗ ನಮ್ಮ ಅಜ್ಜ ಕೊಟ್ಟದ್ದು. ಕುಸ್ತಿ ಆಡುವ ಹೌದಾದ ಕುಣಿಗೆ ತುಂಬಿದ ಕೆಂಪು ಮಣ್ಣು ನಮ್ಮ ಗಾಡಿಯಲ್ಲಿ ಬಂದದ್ದು. ಆದರೂ ಕುಸ್ತಿ ಕಲಿಸುವ ವಸ್ತಾದ ಅಮೋಘಸಿದ್ಧ ಬಾಗಿಲಿಗೆ ಅಡ್ಡ ಕೈ ಚಾಚಿ ನಿಂತ. ಅವನದು ಕುರಿ ಕಾಯುವ ಮನೆತನ. ದೊಡ್ಡಿಗೆ ತೋಳ ಬಂದರೂ ಹೀಗೆಯೇ ನಿಲ್ಲುತ್ತಾನೇನೋ.

“ಪಾಟೀಲ್ರೇ, ನಲವತ್ತು ದಾಟಿದವ್ರನ್ನ ನಾ ಹಂಗೇ ಒಳಗ ಬಿಡೂದಿಲ್ರಿ. ಮೊದಲ ಡಾಕ್ಟರ್‌ಗಿ ಮೈ ತೋರಿಸ್ಕೊಂಡು ಬರ್ರಿ. ಅವ್ರು ಹೂಂ ಅಂದ್ರ ನಾನೂ ಹೂಂ ಅಂತೀನಿ.”

“ಇದ್ಯಾವ ಹೊಸಾ ಕಾನೂನು ವಸ್ತಾದ್ರೀ? ನಿಜಾಮ್ ಸರಕಾರದ್ದೋ, ನಿಮ್ಮದೋ?”

“ನಂದೇರಿ. ನಿಮ್ಮಣ್ಣನ ತಲಿ ಈ ತೊಡಿ ಮ್ಯಾಲ ಇಟ್ಕೊಂಡು ಕುಂತಾಂವ ನಾ. ಮತ್ತೊಮ್ಮೆ ಹಂಗ ಕೂಡೂದಿಲ್ಲ.”

ನನ್ನ ಅಣ್ಣ ವಿಶ್ವನಾಥಪ್ಪ ಹೋದ ವರ್ಷ ಇದೇ ಹೌದಾದಲ್ಲಿ ಬಸ್ಕಿ ಹೊಡೆಯುತ್ತಾ ಕೂತವನು ಮೇಲೆ ಏಳಲಿಲ್ಲ. ಊರವರು ದೃಷ್ಟಿ ತಾಗಿತು ಅಂದರು, ಯಾರೋ ಮಾಟ ಅಂದರು. ಗೂಳಿಯಂಥ ಮನುಷ್ಯನಿಗೆ ಬೇರೆ ಏನು ಆಗಲು ಸಾಧ್ಯ?

ಅಣ್ಣನ ನಂತರ ಮನೆಗೆ ಹಿರಿಯ ನಾನು. ಕಾರಹುಣ್ಣಿಮೆಯ ದಿನ ಎತ್ತುಗಳನ್ನು ಓಡಿಸುವ ಮೊದಲು, ಊರ ಬಾಗಿಲಾದ ಅಗಸಿಯ ಮುಂದಿನ ಗುಂಡು ಕಲ್ಲನ್ನು ನಮ್ಮ ಮನೆಯ ಹಿರಿಯ ಹೆಗಲಿಗೇರಿಸಿ ಹಿಂದಕ್ಕೆ ಒಗೆಯಬೇಕು. ಆಮೇಲೆಯೇ ಊರಿನ ಎತ್ತು ಹೆಜ್ಜೆ ಕೀಳುವುದು. ಹೋದ ವರ್ಷ ಇದೇ ಕಲ್ಲಿಗೆಂದು ಮೈ ಪಳಗಿಸುತ್ತಿದ್ದಾಗಲೇ ಅಣ್ಣ ಹೋದದ್ದು; ಆ ದುಃಖದಲ್ಲಿ ಯಾರೂ ಅದರ ತಂಟೆಗೆ ಹೋಗಲಿಲ್ಲ. ಈ ವರ್ಷವೂ ಅದು ಬಿದ್ದಲ್ಲೇ ಬಿದ್ದರೆ ಪಾಟೀಲರ ಮನೆಯಲ್ಲಿ ಗಂಡಸರು ಮುಗಿದರು ಎಂದು ಊರೇ ಆಡಿಕೊಳ್ಳುತ್ತದೆ. ನನ್ನ ಮೈಯೋ, ಹಬ್ಬದ ಹೋಳಿಗೆಯ ಹಾಗೆ ಮೆತ್ತಗಿದೆ. ತಾಲೀಮು ಇಲ್ಲದೆ ಆಗದು.

ಈ ವಹಿಯಲ್ಲಿ ಏನು ಬೇಕಾದರೂ ಬರೆಯಬಹುದು. ನನ್ನ ಹೆಂಡತಿ ಗಿರಿಜಾಬಾಯಿಗೆ ಮರಾಠಿ ಓದಲು ಬರುತ್ತದೆ; ನಾನು ಮಠದಲ್ಲಿ ಕಲಿತ ಕನ್ನಡ ಅಕ್ಷರ ಅವಳಿಗೆ ಬಾರದು.

ಮಾಘ ಬಹುಳ ಬಿದಿಗೆ

ಡಾಕ್ಟರು ಮೈಯಲ್ಲಿ ಏನು ನೋಡುತ್ತಾರೆ ಎಂಬ ಕುತೂಹಲ ಹತ್ತಿದೆ. ನಾಡಿ ಹಿಡಿಯುತ್ತಾರೆ, ಅದು ಗೊತ್ತು. ಹಾಗಾದರೆ ನಾನೂ ಹಿಡಿದು ನೋಡಬಾರದೇಕೆ?

ಮೊದಲು ಗಿರಿಜಾಳ ಕೈ ಹಿಡಿದೆ. “ಹಿಟ್ಟಿನ ಕೈ ಬಿಡ್ರಿ, ರೊಟ್ಟಿ ಸುಡ್ತದ” ಎಂದಳು. ಅವಳ ನಾಡಿ ಅವಳ ಮಾತಿನಷ್ಟೇ ಚುರುಕು. ಅಣ್ಣನ ಹೆಂಡತಿ ಚಂದ್ರಭಾಗಾ ವೈನಿಯ ಕೈ ಹಿಡಿಯುವುದಂತೂ ಆಗದ ಮಾತು. ಅಣ್ಣ ಹೋದಂದಿನಿಂದ ಅವರು ಹಿಂದಿನ ಕೋಣೆ ಬಿಟ್ಟು ಹೊರಬರುವುದೇ ಅಪರೂಪ. ಕೊನೆಗೆ ದೇವಣಿಯ ಎತ್ತಿನ ಹತ್ತಿರ ಹೋದೆ. ಎತ್ತಿಗೆ ನಾಡಿ ಎಲ್ಲಿ? ಕಾಲಿನಲ್ಲಿ ಹುಡುಕಿದೆ, ಒದೆಯಿತು. ದವಡೆಯ ಕೆಳಗೆ ಸಿಕ್ಕಿತು! ಎಷ್ಟು ನಿಧಾನ, ಎಷ್ಟು ಗಟ್ಟಿ. ಬಹಳ ಹೊತ್ತು ಅಲ್ಲೇ ನಿಂತುಬಿಟ್ಟೆ.

ಉದಗೀರದ ಪತ್ತಾರ ಹೊಸ ಬೆಳ್ಳಿ ಕರಡಿಗೆ ಕಳಿಸಿದ್ದಾನೆ. ಮನೆಯ ಹಿರಿಯನ ಎದೆಯ ಮೇಲೆ ಲಿಂಗದ ಕರಡಿಗೆ ಸ್ವಲ್ಪ ದೊಡ್ಡದಾಗಿಯೇ ಇರಬೇಕು ಎಂದು ನಾನೇ ಹೇಳಿ ಮಾಡಿಸಿದ್ದು. ಹಾಕಿಕೊಂಡೆ. ತುಸು ಭಾರ. ರೂಢಿಯಾಗುತ್ತದೆ.

ಮಾಘ ಬಹುಳ ಅಷ್ಟಮಿ

ಉಮರ್ಗಾದ ಮುಸಾಫಿರಖಾನೆಯಲ್ಲಿ ಸರಕಾರಿ ಡಾಕ್ಟರು ಹಳ್ಳಿಗಳ ದೌರೆಗೆ ಬಂದು ಇಳಿದಿದ್ದಾರೆಂದು ತಿಳಿದು ಗಾಡಿ ಕಟ್ಟಿಸಿದೆ. ಹೈದರಾಬಾದಿನ ದೊಡ್ಡ ಮನುಷ್ಯರು. ಬೀದರಿನಲ್ಲಿ ಬಹಳ ವರ್ಷ ಇದ್ದರಂತೆ. ಕನ್ನಡ ನಮ್ಮ ಹಾಗೆಯೇ ಮಾತಾಡುತ್ತಾರೆ.

ನಾಲಿಗೆ ನೋಡಿದರು, ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರು, ಉಗುರು ಒತ್ತಿದರು. ಉಗುರು ಯಾಕೆ ಎಂದು ಕೇಳಿದೆ. ರಕ್ತ ಎಷ್ಟು ಬೇಗ ಮರಳುತ್ತದೆ ಎಂದು ನೋಡಲಿಕ್ಕೆ ಎಂದರು. ಎಂಥ ಸುಲಭದ ವಿದ್ಯೆ! ಈಗ ಎಲ್ಲರ ಉಗುರೂ ಒತ್ತಬೇಕೆನಿಸುತ್ತಿದೆ. ನಾಡಿಯನ್ನು ಮಾತ್ರ ಬಹಳ ಹೊತ್ತು ಹಿಡಿದು, “ಆಲಸಿ ನಾಡಿ ಅದ ನಿಮ್ದು” ಎಂದರು. ಶಾಂತ ಸ್ವಭಾವದವನು ನಾನು, ಇನ್ನು ಹೇಗಿರುತ್ತದೆ?

ಆಮೇಲೆ ಎರಡು ಕಿವಿಗೆ ಎರಡು ಬಾಲವಿರುವ ನಳಿಗೆಯನ್ನು ಹೊರತೆಗೆದರು.

“ಜನಾಬ್, ಈ ಡಬ್ಬಿ ಸ್ವಲ್ಪ ಬಾಜೂಕ ಮಾಡ್ರಿ. ಎದಿ ಕೇಳಬೇಕು.”

ನನಗೆ ಉರಿದುಹೋಯಿತು. “ಇದು ಡಬ್ಬಿ ಅಲ್ರಿ ಸಾಹೇಬ್ರೇ. ಇದರಾಗ ನಮ್ಮ ಇಷ್ಟಲಿಂಗ ಅದ. ಸತ್ತ್ರೂ ಮೈ ಬಿಟ್ಟು ಇಳಿಯೂದಿಲ್ಲ.”

“ಗೊತ್ತದ ನನಗ, ಮಾಫ್ ಮಾಡ್ರಿ. ಇಳಿಸಬ್ಯಾಡ್ರಿ. ಎದಿ ಮ್ಯಾಲಿಂದ ತುಸು ಸರಿಸ್ರಿ, ಅಷ್ಟ.”

“ಅದರ ಜಾಗಾನೇ ಎದಿ. ಸರಿಸೂದೂ ಇಲ್ಲ, ಪರರ ಕೈ ಹತ್ತಿರ ಬರೂದೂ ಇಲ್ಲ.”

ಅವರು ಕೋಪಿಸಿಕೊಳ್ಳಲಿಲ್ಲ. ನಳಿಗೆಯನ್ನು ಸುತ್ತಿ ಚೀಲಕ್ಕೆ ಹಾಕಿದರು. “ಮೈ ತಾಕತ್ತಿನದು ಅದ. ಖರೇ, ಎದಿ ಕೇಳಲಾರದೆ ನಾ ಏನೂ ಹೇಳೂದಿಲ್ಲ. ನಿಮಗ ಯಾವಾಗ ಮನಸ್ಸಾಗ್ತದ, ಆವಾಗ ಬರ್ರಿ.”

ಬರುವಾಗ ಗಾಡಿಯಲ್ಲಿ ಮನಸ್ಸು ಹಗುರವಾಗಿತ್ತು. ಯಾಕೋ ಗೊತ್ತಿಲ್ಲ. ಪರೀಕ್ಷೆ ಮುಗಿಸಿ ಬಂದ ಹಾಗೆ. ತುರೋರಿಯಲ್ಲಿ ಗಾಡಿ ನಿಲ್ಲಿಸಿ ಶೇಂಗಾ ಕೊಂಡು ತಿಂದೆ.

ಮಾಘ ಬಹುಳ ದಶಮಿ

“ಡಾಕ್ಟರ್ ಏನಂದ್ರು?” ಎಂದು ವಸ್ತಾದ ಕೇಳಿದ.

“ಮೈ ತಾಕತ್ತಿನದು ಅಂದ್ರು. ಬ್ಯಾರೆ ಏನೂ ಹೇಳಲಿಲ್ಲ.”

ಇದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ವಸ್ತಾದ ನನ್ನ ಮುಖ ನೋಡಿದ, ಕೈ ತೆಗೆದ. ಹೌದಾದ ಮಣ್ಣನ್ನು ಹಣೆಗೆ ಹಚ್ಚಿಕೊಂಡು ಒಳಗೆ ಕಾಲಿಟ್ಟೆ. ಮಣ್ಣಿನಲ್ಲಿ ಎಣ್ಣೆ, ಮಜ್ಜಿಗೆ, ಅರಿಶಿನದ ವಾಸನೆ. ಅಣ್ಣನ ಮೈಯೂ ಹೀಗೆಯೇ ನಾರುತ್ತಿತ್ತು. ನಾಲ್ಕು ದಂಡ ಹೊಡೆಯುವಷ್ಟರಲ್ಲಿ ಮುಖ ಮಣ್ಣಿಗೆ ಬಿತ್ತು. ಹುಡುಗರು ನಕ್ಕರು. ನಾನೂ ನಕ್ಕೆ.

ಫಾಲ್ಗುಣ ಶುದ್ಧ ಸಪ್ತಮಿ

ಮನುಷ್ಯನ ಮೈಯಲ್ಲಿ ಎಷ್ಟು ಜಾಗಗಳಿವೆ! ನೋಯುವ ತನಕ ಇವುಗಳ ಪರಿಚಯವೇ ಇರಲಿಲ್ಲ. ತೊಡೆಯ ಹಿಂದೆ ಒಂದು ಹಗ್ಗ, ಪಕ್ಕೆಯ ಕೆಳಗೆ ಇನ್ನೊಂದು. ದಿನಕ್ಕೊಂದು ಹೊಸ ನೋವನ್ನು ಪತ್ತೆ ಹಚ್ಚಿ ವಸ್ತಾದನಿಗೆ ಹೇಳುತ್ತೇನೆ. “ಅದು ಛಲೋ ನೋವು, ಇದು ಕೆಟ್ಟ ನೋವು” ಎಂದು ಅವನು ವಿಂಗಡಿಸುತ್ತಾನೆ.

ಕರಡಿಗೆಯ ವಿಷಯ ಮಾತ್ರ ಹೇಳಿಲ್ಲ. ಬಸ್ಕಿ ಹೊಡೆಯುವಾಗ ಅದು ಎದೆಯನ್ನು ಒತ್ತುತ್ತದೆ. ಬೆಳ್ಳಿ ಜಾಸ್ತಿಯಾಯಿತು.

ಫಾಲ್ಗುಣ ಬಹುಳ ತದಿಗೆ

ಕರಡಿಗೆ ಭಾರ.

ಫಾಲ್ಗುಣ ಬಹುಳ ನವಮಿ

ಹೊಸ ಕರಡಿಗೆ ತೆಗೆದಿಟ್ಟು ಹಳೆಯ ಸಣ್ಣದನ್ನೇ ಹಾಕಿಕೊಂಡೆ. ಗಿರಿಜಾ, “ಹೊಸಾದಕ್ಕ ಅಷ್ಟು ಹಟಾ ಮಾಡಿದ್ರಿ, ತಿಂಗಳದಾಗ ಬ್ಯಾಸರಾತು?” ಎಂದು ಕಿಚಾಯಿಸಿದಳು.

ವಿಚಿತ್ರವೇನೆಂದರೆ ಹಳೆಯದೂ ಭಾರವಾಗಿದೆ.

ವಿರೋಧಿಕೃತ್ ಸಂವತ್ಸರ, ಚೈತ್ರ ಶುದ್ಧ ಷಷ್ಠಿ

ಯುಗಾದಿ ಮುಗಿಯಿತು. ಹೊಸ ಸಂವತ್ಸರದಲ್ಲಿ ಒಂದು ಹೊಸ ಶೋಧ ಮಾಡಿದ್ದೇನೆ, ಬರೆದಿಡಬೇಕು.

ಕರಡಿಗೆಯ ಭಾರ ಎಲ್ಲ ಹೊತ್ತಿನಲ್ಲೂ ಒಂದೇ ಸಮ ಇರುವುದಿಲ್ಲ! ಮೂರು ದಿನದಿಂದ ಗಮನಿಸುತ್ತಿದ್ದೇನೆ. ಕಟ್ಟೆಯ ಮೇಲೆ ಕೂತಾಗ ಹತ್ತಿಯಷ್ಟು ಹಗುರ. ಹಳ್ಳದ ದಂಡೆಯಿಂದ ಹೊಲಕ್ಕೆ ಏರು ಹತ್ತುವಾಗ ಬೀಸುಕಲ್ಲಿನಷ್ಟು ಭಾರ. ಮೇಲೆ ಹೋಗಿ ಬೇವಿನ ಮರದ ಕೆಳಗೆ ನಿಂತರೆ ಮತ್ತೆ ಹಗುರ. ಇಳಿಯುವಾಗ ಏನೂ ಇಲ್ಲ. ಊಟವಾದ ಮೇಲೆ ಹತ್ತಿದರೆ ಇನ್ನೂ ಭಾರ. ಬೆಳ್ಳಿಗೆ ಬಿಸಿಲು ತಾಗಿ ಹೀಗಾಗುತ್ತದೋ ಎಂದು ಬೆಳಿಗ್ಗೆ ತಂಪಿನಲ್ಲಿ ಹತ್ತಿ ನೋಡಿದೆ, ಆಗಲೂ ಭಾರ. ಬಟ್ಟೆಯಲ್ಲಿ ಸುತ್ತಿ ಹತ್ತಿದೆ, ಆಗಲೂ. ಪತ್ತಾರನನ್ನು ಕೇಳಿದರೆ ನಗುತ್ತಾನೆ. ಆದರೆ ಇದು ಖರೇ.

ಗಿರಿಜಾ ಈಗ ಹೊಲಕ್ಕೆ ಬರುವಾಗ ನನ್ನ ಹಿಂದೆಯೇ ನಡೆಯುತ್ತಾಳೆ. ಮೊದಲೆಲ್ಲ ಬುತ್ತಿ ಹೊತ್ತು ಮುಂದೆ ಓಡುತ್ತಿದ್ದಳು. ವಯಸ್ಸಾಯಿತು ಪಾಪ, ನಿಧಾನವಾಗಿದ್ದಾಳೆ.

ಚೈತ್ರ ಬಹುಳ ಪಂಚಮಿ

ಇವತ್ತು ಊಟಕ್ಕೆ ಕೂತಾಗ ನನ್ನ ಶೋಧವನ್ನು ಗಿರಿಜಾಳಿಗೆ ವರ್ಣಿಸುತ್ತಿದ್ದೆ. ಏರಿಗೆ ಭಾರ, ಇಳುಕಲಿಗೆ ಹಗುರ. ವೈನಿ ಒಳಗಿನಿಂದ ಅಂಬಲಿ ತರುತ್ತಿದ್ದರು. ಅವರ ಕೈಯಿಂದ ಚರಿಗೆ ಬಿತ್ತು.

“ಏನಂದಿ ಮನ್ಮಥಪ್ಪ? ಮತ್ತೊಮ್ಮೆ ಹೇಳು.”

ಹೇಳಿದೆ. ಅವರು ಗೋಡೆ ಹಿಡಿದು ಕೂತರು. ಒಂದು ವರ್ಷದಲ್ಲಿ ಅವರ ದನಿಯನ್ನು ಇಷ್ಟು ಹತ್ತಿರದಿಂದ ನಾನು ಕೇಳಿರಲಿಲ್ಲ.

“ಅವ್ರೂ ಇದೇ ಮಾತು ಅಂತಿದ್ರು. ಲಿಂಗ ಭಾರ ಆಗೇದ ಚಂದ್ರಾ, ಲಿಂಗ ಭಾರ ಆಗೇದ ಅಂತ. ತಾಲೀಮಿನಿಂದ ಬಂದು ಕರಡಿಗಿ ಎದಿಗಿ ಅವುಚ್ಕೊಂಡು ಕೂಡ್ತಿದ್ರು. ನಾ ಅದು ಭಕ್ತಿ ಅಂದ್ಕೊಂಡೆ. ಶಿವಾ, ನಾ ಭಕ್ತಿ ಅಂದ್ಕೊಂಡೆ!”

ಯಾರೂ ಉಣ್ಣಲಿಲ್ಲ. ಅಂಬಲಿ ನೆಲದ ಮೇಲೆ ಹಾಗೆಯೇ ಹರಿಯಿತು.

ಚೈತ್ರ ಬಹುಳ ಷಷ್ಠಿ

ಹೆದರಿಕೆಯಾಗಿದೆ. ತಾಲೀಮಿಗೆ ಹೋಗಲಿಲ್ಲ.

ಚೈತ್ರ ಬಹುಳ ಏಕಾದಶಿ

ಗಿರಿಜಾ ಡಾಕ್ಟರ ಹೆಸರೆತ್ತಿದಾಗಲೆಲ್ಲ ನಾನು ಲಿಂಗದ ಹೆಸರೆತ್ತುತ್ತೇನೆ. ಧರ್ಮ ಬಿಡಲೇನು, ಗುರು ಕಟ್ಟಿದ್ದನ್ನು ಸರಿಸಲೇನು ಎಂದು ಕೂಗಾಡಿದೆ. ಅವಳು ಪೂಜೆಯ ತಾಟು ತಿಕ್ಕುತ್ತಿದ್ದವಳು ಹಾಗೆಯೇ ಎದ್ದು ಬಂದಳು.

“ದಿನಾ ಮುಂಜಾನಿ ಪೂಜಾಕ್ಕ ಕುಂತಾಗ ಲಿಂಗ ಎಲ್ಲಿರ್ತದರಿ?”

“ಎಡಗೈ ಮ್ಯಾಲ.”

“ಎದಿ ಮ್ಯಾಲ ಏನಿರ್ತದ?”

ನನ್ನ ಕೈ ಕರಡಿಗೆಯ ಮೇಲೆ ಹೋಯಿತು.

“ಖಾಲಿ ಡಬ್ಬಿ” ಎಂದಳು. “ಡಾಕ್ಟರ್ ಮುಂದ ಹಂಗೇ ಅಂಗೈದಾಗ ಹಿಡ್ಕೊಂಡು ಕೂಡ್ರಿ. ವಸ್ತ್ರ ಮುಚ್ಚಿ ಕೊಡ್ತೀನಿ. ಲಿಂಗ ಮೈ ಬಿಟ್ಟಿಲ್ಲ, ಡಾಕ್ಟರ್ ಕೈ ಹತ್ತಿಲ್ಲ. ನೀವು ಲಿಂಗಕ್ಕ ಹೆದರಿಲ್ರಿ, ನಳಿಗಿಗಿ ಹೆದರೀರಿ.”

ಪುಣ್ಯಾತ್ಗಿತ್ತಿ. ಇಪ್ಪತ್ತು ವರ್ಷದಿಂದ ದಿನವೂ ಪೂಜೆ ಮಾಡುವವನು ನಾನು; ನನಗೇ ಇದು ಹೊಳೆಯಲಿಲ್ಲ. ಅಥವಾ ಹೊಳೆಯುವುದು ಬೇಡವಾಗಿತ್ತೋ ಏನೋ.

ವೈಶಾಖ ಶುದ್ಧ ಅಷ್ಟಮಿ

ಡಾಕ್ಟರ ಬಿಡಾರ ಈಗ ನಿಲಂಗಾದಲ್ಲಿದೆ. ಗಿರಿಜಾಳೂ ಬಂದಳು. ಕಾಲು ತೊಳೆದು, ವಿಭೂತಿ ಧರಿಸಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕೂತೆ. ಗಿರಿಜಾ ಬಿಳಿ ವಸ್ತ್ರ ಮುಚ್ಚಿದಳು. ಡಾಕ್ಟರು ನೋಡಿ, ತಾವೂ ಕೈ ತೊಳೆದು ಬಂದರು. ಬೇಡ ಎಂದರೂ ಕೇಳಲಿಲ್ಲ. ಆ ಮನುಷ್ಯನ ಮೇಲೆ ಅಂದು ಸಿಡುಕಿದ್ದು ನೆನೆದು ನಾಚಿಕೆಯಾಯಿತು.

ನಳಿಗೆಯ ತುದಿ ತಣ್ಣಗಿತ್ತು. ಎಡಕ್ಕೆ, ಬಲಕ್ಕೆ, ಕತ್ತಿನ ಬುಡಕ್ಕೆ ಇಟ್ಟರು. ಉಸಿರು ಹಿಡಿ ಎಂದರು, ಬಿಡು ಎಂದರು. ಅವರ ಮುಖವನ್ನೇ ನೋಡುತ್ತಿದ್ದೆ. ದೂರದ ಹೊಲದಲ್ಲಿ ಯಾರೋ ಕೂಗಿದ್ದನ್ನು ಕೇಳುವವರ ಹಾಗಿತ್ತು.

“ಏನ್ ಕೇಳ್ಲತ್ತೀರಿ ಸಾಹೇಬ್ರೇ? ನನಗೂ ಕೇಳಸ್ರಿ.”

ನಕ್ಕು ನಳಿಗೆಯನ್ನು ನನ್ನ ಕಿವಿಗೇ ಸಿಕ್ಕಿಸಿದರು. ಒಳಗೆ ಯಾರೋ ಇದ್ದಾರೆ! ಲಬ್ ಎಂದು ಬಡಿದು, ನಡುವೆ ಗರಗಸ ಎಳೆದ ಹಾಗೆ ಒಂದು ಸದ್ದು, ಮತ್ತೆ ಬಡಿತ. ನಲವತ್ತೆರಡು ವರ್ಷ ಹೊತ್ತು ತಿರುಗಿದರೂ ಇದರ ದನಿ ಇವತ್ತೇ ಕೇಳಿದ್ದು. ಹೆದರಿಕೆ ಮರೆತು ಕೇಳಿದೆ. ಗಿರಿಜಾಳಿಗೂ ಕೊಡಿಸಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು.

“ಹಗಲು ರಾತ್ರಿ ಹಿಂಗ ದುಡೀತದೇನ್ರಿ ಇದು? ನಿಮಗಿಂತ ಇದೇ ಛಲೋ ಅದ” ಎಂದಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡಳು.

ಆ ಗರಗಸದ ಸದ್ದೇ ರೋಗವಂತೆ. ಎದೆಯ ಒಳಗೆ ರಕ್ತ ಹೊರಹೋಗಲಿಕ್ಕೆ ಒಂದು ಸಣ್ಣ ಬಾಗಿಲಿದೆ. ನನ್ನದು ಬಿಗಿದು ಅರ್ಧ ಮಾತ್ರ ತೆರೆಯುತ್ತದೆ. ಏರು ಹತ್ತಿದರೆ, ಬಸ್ಕಿ ಹೊಡೆದರೆ, ಒಳಗಿನವನು ಜೋರಾಗಿ ದಬ್ಬುತ್ತಾನೆ, ಬಾಗಿಲು ಬಿಡುವುದಿಲ್ಲ, ಭಾರವಾಗುತ್ತದೆ. ಬೆಳ್ಳಿ ಪಾಪ ಏನೂ ಮಾಡಿಲ್ಲ. ಹುಟ್ಟಿನಿಂದಲೇ ಬಂದಿರಬಹುದು, ಅಣ್ಣನಿಗೂ ಇದೇ ಇದ್ದಿರಬಹುದು ಎಂದರು.

“ಕಾರಹುಣ್ಣಿಮಿ ದಿನಾ ಒಂದ್ ಕಲ್ಲು ಎತ್ತಬೇಕ್ರಿ. ಒಂದೇ ಸಲ.”

“ಒಂದೇ ಸಲ ಸಾಕು ಜನಾಬ್, ನಿಮ್ಮಣ್ಣನ ಹತ್ರ ಹೋಗ್ಲಾಕ. ಸಾವಕಾಶ ನಡೀರಿ, ಹಗುರ ಕೆಲಸಾ ಮಾಡ್ರಿ. ಬದುಕ್ತೀರಿ. ತಾಲೀಮು ಬ್ಯಾಡ, ಕಲ್ಲು ಬ್ಯಾಡ.”

ಜ್ಯೇಷ್ಠ ಶುದ್ಧ ಪಂಚಮಿ

ಬಹಳ ದಿನ ಬರೆಯಲಿಲ್ಲ. ಊರಿಗೆ ಇನ್ನೂ ಏನೂ ಹೇಳಿಲ್ಲ. ಗಿರಿಜಾಳಿಗೂ ಬಾಯಿ ಬಿಡಬೇಡ ಎಂದು ಆಣೆ ಹಾಕಿದ್ದೇನೆ. ವೈನಿಗೆ ಡಾಕ್ಟರು ಔಷಧ ಕೊಟ್ಟಿದ್ದಾರೆ ಎಂದಷ್ಟೇ ಹೇಳಿದೆ. ತಾಲೀಮಿಗೆ ಮಾತ್ರ, ಸೊಂಟ ಹಿಡಿದಿದೆ ಎಂದು ಹೇಳಿ ಕಳಿಸಿದ್ದೇನೆ.

ಇವತ್ತು ಅಗಸಿಯ ಮುಂದೆ ಹೋಗಿ ಕಲ್ಲನ್ನು ಮುಟ್ಟಿ ನೋಡಿದೆ. ಬಿಸಿಲಿಗೆ ಕಾದಿತ್ತು. ಕಟ್ಟೆಯ ಮೇಲಿನವರು, “ಪಾಟೀಲ್ರು ಕಲ್ಲಿಂದೂ ನಾಡಿ ಹಿಡೀಲತ್ತಾರ” ಎಂದು ನಕ್ಕರು. ಮೊಣಕಾಲಿನ ತನಕ ಮಾತ್ರ ಎತ್ತಿದರೆ ನಡೆಯುತ್ತದೆಯೇ? ನಿಧಾನ ಎತ್ತಿದರೆ? ಡಾಕ್ಟರನ್ನು ಇದನ್ನೆಲ್ಲ ಕೇಳಿ ಬರಬೇಕಿತ್ತು. ಸಾಯುವುದಕ್ಕಿಂತ, ನನ್ನಿಂದ ಆಗದು ಎಂದು ಆ ಕಟ್ಟೆಯವರ ಮುಂದೆ ಹೇಳುವುದೇ ಕಷ್ಟ ಎನಿಸುತ್ತದೆ. ಇದು ಹುಚ್ಚೆಂದು ಗೊತ್ತಿದೆ. ಗೊತ್ತಿದ್ದೂ ಹಾಗೆಯೇ ಅನಿಸುತ್ತದೆ.

ಕಾರಹುಣ್ಣಿಮೆ

ಇವತ್ತಿನದು ಇವತ್ತೇ ಬರೆಯಬೇಕು.

ಎತ್ತುಗಳಿಗೆ ಬಣ್ಣ ಬಳಿದು, ಕೊಂಬಿಗೆ ಗೊಂಡೆ ಕಟ್ಟಿ ಅಗಸಿಯ ಹೊರಗೆ ನಿಲ್ಲಿಸಿದ್ದರು. ಹಲಗೆ ಬಡಿಯುತ್ತಿತ್ತು. ಎಲ್ಲರಿಗೂ ಹೇಳಿಬಿಡಬೇಕೆಂದು ಮನೆಯಿಂದ ಹೊರಟಿದ್ದೆ. ಕಲ್ಲಿನ ಮುಂದೆ ನಿಂತಾಗ ಎದುರಿಗೆ ವಸ್ತಾದ ನಿಂತಿದ್ದ. “ಎತ್ರಿ ಪಾಟೀಲ್ರೇ, ಎತ್ತುಗೋಳು ನಿಲ್ಲವಲ್ವು!” ಎಂದು ಯಾರೋ ಕೂಗಿದರು. ನಾನು ಧೋತರ ಕಚ್ಚೆ ಬಿಗಿದೆ. ಬಗ್ಗಿದೆ. ಎರಡೂ ಕೈ ಕಲ್ಲಿನ ಕೆಳಗೆ ಹಾಕಿದೆ. ಇದನ್ನು ನಾನೇ ಮಾಡಿದೆ, ಯಾರೂ ನೂಕಲಿಲ್ಲ.

ಅಷ್ಟರಲ್ಲಿ ಹಲಗೆ ನಿಂತಿತು. ತಲೆ ಎತ್ತಿದರೆ ಚಂದ್ರಭಾಗಾ ವೈನಿ ಜನರ ನಡುವೆ ಬರುತ್ತಿದ್ದರು. ವರ್ಷದಿಂದ ಹೊಸ್ತಿಲು ದಾಟದವರು. ಹಿಂದೆ ಗಿರಿಜಾ ಅಳುತ್ತಾ ಓಡಿ ಬರುತ್ತಿದ್ದಳು. ಆಣೆ ಮುರಿದು ಹೇಳಿದ್ದಾಳೆ ಎಂದು ಆಗಲೇ ತಿಳಿಯಿತು. ವೈನಿ ನೇರ ಬಂದವರು ಆ ಕಲ್ಲಿನ ಮೇಲೆ ಕೂತುಬಿಟ್ಟರು.

ಹೆಣ್ಣುಮಕ್ಕಳು ಕಾಲು ತಾಗಿಸದ ಕಲ್ಲು ಅದು.

“ಈಗ ಎತ್ತು ಮನ್ಮಥಪ್ಪ. ನನ್ನನ್ನೂ ಕೂಡೇ ಎತ್ತು” ಎಂದರು. ಆಮೇಲೆ ಜನರ ಕಡೆ ತಿರುಗಿದರು. “ಒಬ್ಬಾಂವನ್ನ ಈ ಕಲ್ಲಿಗಿ ಕೊಟ್ಟೀನಿ. ದೃಷ್ಟಿ ಅಲ್ಲ, ಮಾಟ ಅಲ್ಲ. ಎದಿ ನೋಯ್ತಿತ್ತು ಅವ್ರಿಗಿ, ಯಾರಿಗೂ ಹೇಳಲಿಲ್ಲ. ಇನ್ನೊಬ್ಬಾಂವನ್ನ ನಾ ಕೊಡೂದಿಲ್ಲ.”

ನನ್ನ ಕೈಗಳು ಇನ್ನೂ ಕಲ್ಲಿನ ಕೆಳಗೇ ಇದ್ದವು. ಮೆಲ್ಲಗೆ ಎಳೆದುಕೊಂಡೆ. ಎದ್ದು ನಿಂತು ಹೇಳಿದೆ: “ನನ್ನ ಎದಿದಾಗೂ ಅದೇ ರೋಗ ಅದ. ಡಾಕ್ಟರ್ ಕೇಳಿ ಹೇಳ್ಯಾರ, ನಾನೂ ನನ್ನ ಕಿವಿಲೇ ಕೇಳೀನಿ. ನನ್ನಿಂದ ಆಗೂದಿಲ್ಲ.”

ಯಾರೋ ಒಬ್ಬ ನಕ್ಕ. ಒಬ್ಬನೇ. ಉಳಿದವರು ನಗಲಿಲ್ಲ. ವಸ್ತಾದ ಹಲಗೆಯವನಿಗೆ ಸನ್ನೆ ಮಾಡಿದ. ಕಲ್ಲು ಅಲ್ಲೇ, ವೈನಿ ಅದರ ಮೇಲೆಯೇ. ಎತ್ತುಗಳು ಅವರ ಎರಡೂ ಪಕ್ಕದಿಂದ ಧೂಳೆಬ್ಬಿಸಿ ಓಡಿದವು. ಎತ್ತುಗಳಿಗೆ ಕಲ್ಲಿನ ಚಿಂತೆ ಎಂದೂ ಇರಲೇ ಇಲ್ಲ.

ಜ್ಯೇಷ್ಠ ಬಹುಳ ಬಿದಿಗೆ

ಮಧ್ಯಾಹ್ನ ವಸ್ತಾದ ಮನೆಗೆ ಬಂದ. ಸುಳ್ಳು ಹೇಳಿ ತಾಲೀಮು ಹೊಕ್ಕದ್ದಕ್ಕೆ ಬಯ್ಯುತ್ತಾನೆಂದು ಕಾದೆ. ಬಯ್ಯಲಿಲ್ಲ. ಪಡಸಾಲೆಯಲ್ಲಿ ಕೂತು ಕಂಬಳಿಯ ಅಂಚನ್ನು ತಿರುವುತ್ತಿದ್ದ.

“ಆ ಡಾಕ್ಟರ್ ಮತ್ತ ಯಾವಾಗ ಬರ್ತಾರ್ರಿ ಪಾಟೀಲ್ರೇ?”

“ಯಾರಿಗಿ ವಸ್ತಾದ್ರೀ?”

ಆ ಭುಜ, ಆ ಕುತ್ತಿಗೆ, ನಾಲ್ಕು ತಾಲೂಕಿನಲ್ಲಿ ಬೆನ್ನು ನೆಲಕ್ಕೆ ಹಚ್ಚದ ಆಳು.

“ನಿಮ್ಮಣ್ಣ ಬಿದ್ದ ದಿನದಿಂದ ನಾ ಒಂದ್ ಬಸ್ಕಿ ಹೊಡದಿಲ್ರಿ. ಹುಡುಗುರಿಗಿ ಹೇಳಿ ಕೊಡ್ತೀನಿ, ಅಷ್ಟ. ಎಲ್ಲಾರ್ನೂ ಡಾಕ್ಟರ್ ಬಲ್ಲಿ ಕಳಸ್ತೀನಿ. ನಾ ಹೋಗಿಲ್ಲ. ಬೀರಪ್ಪನ ಆಣಿ, ಹೆದರಿಕಿ ಬರ್ತದ್ರಿ.”

“ನನಗೂ ಬಂದಿತ್ತು” ಎಂದೆ. “ನಳಿಗಿ ತುದಿ ಭಾಳ ತಣ್ಣಗಿರ್ತದ.”

ಅವನು ನಗುತ್ತಾನೆಂದುಕೊಂಡೆ. ಅವನ ಕಣ್ಣು ತುಂಬಿತು. ಸೋಮವಾರ ಎತ್ತಿಗೆ ಬಿಡುವಿನ ದಿನ, ಹೂಡುವಂತಿಲ್ಲ; ಮಂಗಳವಾರ ಡಾಕ್ಟರಿದ್ದಲ್ಲಿಗೆ ಗಾಡಿ ಕಟ್ಟಿಸುತ್ತೇನೆ. ನಾನು ಪಕ್ಕದಲ್ಲಿ ಕೂತು ಅವನ ಕೈ ಹಿಡಿದುಕೊಳ್ಳುತ್ತೇನೆ ಎಂದು ಮಾತು ಕೊಟ್ಟಿದ್ದೇನೆ.